ಸರ್ವಿಸ್ ಆದ್ಮೇಲೆ ಬ್ರೇಕ್ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗ್ತಿದೆ, ಶೋರೂಂನೋರು ನಾರ್ಮಲ್ ಅಂತಾರೆ. ಏನೇನ್ ಚೆಕ್ ಮಾಡ್ಬೇಕು?

ಮೂಡಿಗೆರೆ_ಮಳೆ:

ನಮಸ್ಕಾರ ಎಲ್ಲರಿಗೂ. ನನ್ ಹತ್ರ ಇರೋದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್ ಹಿಂದೆ ಡ್ರಮ್, ಎಬಿಎಸ್ ಇದೆ, 62 ಸಾವಿರ ಕಿ.ಮೀ. ಓಡಿದೆ. ಹೋದ ವಾರ ಆಥರೈಸ್ಡ್ ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೆ. ಮುಂದಿನ ಪ್ಯಾಡ್ ಸವೆದಿದೆ ಅಂತ ಹೊಸದು ಹಾಕಿದ್ರು, ಬಿಲ್‌ನಲ್ಲಿ ನಾಲ್ಕೂ ವೀಲ್ ಬ್ರೇಕ್ ಕ್ಲೀನಿಂಗ್ ಅಂಡ್ ಅಡ್ಜಸ್ಟ್‌ಮೆಂಟ್ ಅಂತ ಇದೆ, ಬ್ರೇಕ್ ಆಯಿಲ್ ರೀಪ್ಲೇಸ್‌ಮೆಂಟ್ ಅಂತ ಇನ್ನೊಂದ್ ಲೈನ್ ಇದೆ.

ಗಾಡಿ ಬಿಡೋ ತನಕ ಬ್ರೇಕ್ ಬಗ್ಗೆ ಯಾವ ಕಂಪ್ಲೇಂಟೂ ಇರ್ಲಿಲ್ಲ, ಕಾಲಿಟ್ರೆ ಮೇಲೇ ಹಿಡೀತಿತ್ತು. ಈಗ ಡೆಲಿವರಿ ತಗೊಂಡು ಗೇಟ್ ದಾಟ್ತಿದ್ದಂಗೇ ಗೊತ್ತಾಯ್ತು, ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋಗಿ ಆಮೇಲೆ ಹಿಡಿಯುತ್ತೆ, ತಕ್ಷಣ ಇನ್ನೊಂದ್ಸಲ ಒತ್ತಿದ್ರೆ ಮೇಲೇ ಹಿಡಿಯುತ್ತೆ, ಒಂದ್ ನಿಮಿಷ ಬಿಟ್ಟು ಒತ್ತಿದ್ರೆ ಮತ್ತೆ ಕೆಳಗೆ. ಗಾಡಿ ನಿಲ್ಲಲ್ಲ ಅಂತಲ್ಲ, ನಿಲ್ಲುತ್ತೆ, ಆದ್ರೆ ಕಾಲಿಗೆ ಧೈರ್ಯ ಬರ್ತಿಲ್ಲ. ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿದ್ರೆ ಹೊಸ ಪ್ಯಾಡ್ ಸರ್, 500 ಕಿ.ಮೀ. ಓಡ್ಲಿ ಸೆಟ್ ಆಗುತ್ತೆ ಅಂದ್ರು. ವಾಪಸ್ ತಗೊಂಡ್ ಹೋದ್ರೆ ಮುಂದಿನ ಎರಡು ವೀಲಲ್ಲಿ ಏರ್ ತೆಗೆದು ಕೊಟ್ರು, ಏನೂ ಬದಲಾಗಿಲ್ಲ. ವಾರ್ನಿಂಗ್ ಲೈಟ್ ಯಾವ್ದೂ ಇಲ್ಲ, ಆಯಿಲ್ ಲೆವೆಲ್ ಮ್ಯಾಕ್ಸ್ ಹತ್ರ ಇದೆ, ವೀಲ್ ಹತ್ರ ಎಲ್ಲೂ ಸೋರಿದ್ದು ಕಾಣ್ತಿಲ್ಲ.

ಅಪ್ಪ ಅಮ್ಮನ್ನ ಕೂರಿಸ್ಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗೋ ಪ್ಲಾನ್ ಇದೆ. ಇದು ನಿಜವಾಗ್ಲೂ ನಾರ್ಮಲ್ಲಾ? ಏರ್ ಇದೆಯಾ ಇನ್ನೇನಾದ್ರೂ ಇದೆಯಾ ಅಂತ ಮನೇಲೇ ಕಂಡುಹಿಡಿಯೋಕೆ ದಾರಿ ಇದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಎಕ್ಸ್‌ಟ್ರಾ_ಗೇರ್:

ಏರ್ ಹಿಡ್ಕೊಂಡಿದೆ ಗುರು, ಬೇರೇನೂ ಅಲ್ಲ. ಆಯಿಲ್ ಚೇಂಜ್ ಮಾಡುವಾಗ ಸರಿಯಾಗಿ ಬ್ಲೀಡ್ ಮಾಡಿರಲ್ಲ, ಅಂದ್ರೆ ಲೈನಲ್ಲಿರೋ ಏರ್ ಹೊರಗೆ ತೆಗೆದಿರಲ್ಲ. ಮುಂದಿಂದು ಮಾತ್ರ ತೆಗೆದಿದಾರೆ ಅಂತೀಯ, ಹಿಂದಿನ ಎರಡೂ ಮಾಡ್ಸು ಸರಿಹೋಗುತ್ತೆ.

ಹುಬ್ಬಳ್ಳಿ_ಸ್ಪ್ಯಾನರ್:

ಏರ್ ಇರಬಹುದು, ಇಲ್ಲ ಅನ್ನಂಗಿಲ್ಲ, ಆದ್ರ ನೋಡದ ಹೇಳೂದು ಬ್ಯಾಡ. ಗ್ಯಾರೇಜ್ ಕೆಲಸ ನಂದು, ಸರ್ವಿಸ್ ಮಾಡಿಸ್ಕೊಂಡು ಹಿಂಗ ಪೆಡಲ್ ಕೆಳಗ ಹೋಗಾಕತ್ತೈತಿ ಅಂತ ಬರೂ ಗಾಡಿ ಭಾಳ ನೋಡ್ತೀನಿ, ಹಿಂದ ಡ್ರಮ್ ಇದ್ದ ಗಾಡ್ಯಾಗ ನಾ ಮೊದ್ಲು ಸಂಶಯ ಪಡೂದು ಏರ್ ಮ್ಯಾಲೆ ಅಲ್ಲ, ಹಿಂದಿನ ಶೂ (ಡ್ರಮ್ಮಿಗೆ ಒಳಗಿಂದ ಒತ್ತಿ ಹಿಡಿಯೂ ಬ್ರೇಕ್ ಪಟ್ಟಿ) ಅಡ್ಜಸ್ಟ್‌ಮೆಂಟ್ ಮ್ಯಾಲೆ. ಯಾಕಂದ್ರ ಪ್ಯಾಡ್ ಬದ್ಲಿ ಮಾಡೂದಕ್ಕ, ಡ್ರಮ್ ಬಿಚ್ಚಿ ಕ್ಲೀನ್ ಮಾಡೂದಕ್ಕ ಆಯಿಲ್ ಲೈನ್ ಬಿಚ್ಚೂ ಪ್ರಶ್ನೆನ ಬರೂದಿಲ್ರಿ, ಅಂದಮ್ಯಾಲೆ ಏರ್ ಒಳಗ ಹೋಗಾಕ ಹಾದಿ ಎಲ್ಲೈತಿ? ಹೋದ್ರ ಆಯಿಲ್ ಚೇಂಜ್ ಮಾಡುವಾಗ ಅಷ್ಟ ಹೋಗಬೇಕು.

ಅಣ್ಣಾರ, ನೀವು ಹಿಂಗ ಮಾಡ್ರಿ. ಸಪಾಟ್ ಜಾಗದಾಗ ನಿಲ್ಲಸ್ರಿ, ವೀಲಿಗೆ ಕಲ್ ಕೊಡ್ರಿ, ಎಂಜಿನ್ ಬಂದ್ ಮಾಡಿ ಪೆಡಲ್ ಐದಾರ್ ಸಲ ಒತ್ರಿ, ಕಾಲಿನ ಒತ್ತಿಗೆ ಬಲ ಸೇರಸೂ ಬೂಸ್ಟರ್‌ನಾಗಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಬಿರುಸಾಗ್ತೈತಿ. ಹಂಗ ಬಲವಾಗಿ ಒತ್ತಿ ಹಿಡದು ಅರ್ಧ ನಿಮಿಷ ನೋಡ್ರಿ. ಕಾಲಿನ ಕೆಳಗ ಪೆಡಲ್ ನಿಧಾನಕ್ಕ ಇಳ್ಕೋತ ಹೋದ್ರ ಒಂದೋ ಎಲ್ಲೋ ಸೋರತೈತಿ, ಇಲ್ಲಾ ಪೆಡಲ್ ಒತ್ತಿದಾಗ ಆಯಿಲ್ ವೀಲಿಗೆ ದಬ್ಬೂ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗೈತಿ. ಸೀಲ್ ಹೋದ್ರ ಹೊರಗ ಒಂದ್ ಹನಿ ಬೀಳೂದಿಲ್ಲ, ಲೆವೆಲ್ಲೂ ಕಡಿಮಿ ಆಗೂದಿಲ್ಲ, ಆಯಿಲ್ ಒಳಗಿಂದೊಳಗ ಸೀಲ್ ದಾಟಿ ಹಿಂದ ಹೋಗ್ತಿರ್ತೈತಿ. ಹಂಗಿದ್ರ ಗಾಡಿ ತಗೀಬ್ಯಾಡ್ರಿ, ಟೋ ಮಾಡಸ್ರಿ.

ಪೆಡಲ್ ಇಳೀಲಿಲ್ಲ ಅಂದ್ರ ಒತ್ತಿ ಹಿಡಕೊಂಡ ಎಂಜಿನ್ ಚಾಲೂ ಮಾಡ್ರಿ, ಚಾಲೂ ಆದ ಕೂಡ್ಲೆ ಪೆಡಲ್ ಸ್ವಲ್ಪ ಕೆಳಗ ಹೋಗಬೇಕು, ಹೋದ್ರ ಬೂಸ್ಟರ್ ಬರೊಬ್ಬರಿ ಐತಿ. ಅದನ್ನ ನೋಡಿ ಹೆದರಬ್ಯಾಡ್ರಿ.

ಈಗ ಮುಖ್ಯದ್ದು. ಕಾಲ್ ತಗದು ಸ್ವಲ್ಪ ಹೊತ್ತು ಬಿಟ್ಟು ಒಂದ್ ಸಲ ಒತ್ರಿ, ಬಿಟ್ಟು ತಕ್ಷಣ ಎರಡನೇದು ಒತ್ರಿ. ಎರಡನೇದಕ್ಕ ಪೆಡಲ್ ಮ್ಯಾಲೆ ಬಂದು ಗಟ್ಟಿ ನಿಂತ್ರ, ಅಂದ್ರ ಹಿಡದ ಮ್ಯಾಲೆ ಒಂದ್ ಕೂದಲೆಳಿ ಜಗ್ಗೂದಿಲ್ಲ ಅಂದ್ರ, ಶೂಗೂ ಡ್ರಮ್ಮಿಗೂ ನಡು ಗ್ಯಾಪ್ ಜಾಸ್ತಿ ಐತಿ ಅಂತ ಅರ್ಥ. ಮೊದಲ್ನೇ ಒತ್ತಿನ ಆಯಿಲ್ ಎಲ್ಲಾ ಆ ಗ್ಯಾಪ್ ತುಂಬಾಕ ಖರ್ಚಾಗ್ತೈತಿ, ಶೂ ವಾಪಸ್ ಹೋಗೂದ್ರಾಗ ಎರಡನೇದು ಒತ್ತಿದ್ರ ಮ್ಯಾಲೆ ಸಿಗ್ತೈತಿ. ಮ್ಯಾಲೆ ಬಂದ್ರೂ ಬಾಯಿ ಮುಚ್ಚಿದ ಸೈಕಲ್ ಪಂಪ್ ಒತ್ತಿದಂಗ ಪುಟ್‌ಪುಟ್ ಅನ್ನಾಕತ್ತಿದ್ರ ಅದು ಏರ್. ಎರಡೂ ಕೇಸಿನಾಗ ಪಂಪ್ ಮಾಡಿದ್ರ ಮ್ಯಾಲೆ ಬರ್ತೈತಿ, ಅದಕ್ಕ ಮಂದಿ ಎಲ್ಲಾನೂ ಏರ್ ಅಂತಾರ, ಬ್ಲೀಡ್ ಮಾಡಿದ್ದ ಮಾಡಿದ್ದು ಆಯಿಲ್ ಖಾಲಿ ಮಾಡಿದ್ದ ಮಾಡಿದ್ದು.

ಇನ್ನೊಂದು ಐತಿ, ಇದನ್ನ ಬಿಡಬ್ಯಾಡ್ರಿ. ಹ್ಯಾಂಡ್ ಬ್ರೇಕ್ ಪೂರಾ ಎಳೀರಿ, ಎಳದು ಪೆಡಲ್ ಒತ್ರಿ. ಹ್ಯಾಂಡ್ ಬ್ರೇಕ್ ಎಳದಾಗ ಶೂ ಹೋಗಿ ಡ್ರಮ್ಮಿಗೆ ಆತಗೊಂಡಿರ್ತಾವು. ಆಗ ಮೊದಲ್ನೇ ಒತ್ತಿಗೇನ ಪೆಡಲ್ ಮ್ಯಾಲೆ ಸಿಕ್ರ ಗ್ಯಾಪ್ ಹಿಂದಿನ ಡ್ರಮ್ಮಿನಾಗ ಐತಿ ಅಂತ ಗ್ಯಾರಂಟಿ. ಹ್ಯಾಂಡ್ ಬ್ರೇಕ್ ಎಷ್ಟನೇ ಕ್ಲಿಕ್ಕಿಗೆ ಹಿಡೀತೈತಿ ಅದನ್ನೂ ಎಣಸ್ರಿ, ಮೊದ್ಲಿಗಿಂತ ಜಾಸ್ತಿ ಆಗೇತೇನು ನೋಡ್ರಿ.

ಕಡೀಗೆ, ಮೊಬೈಲ್ ಟಾರ್ಚ್ ಹಚ್ಚಿ ಹಿಂದಿನ ವೀಲಿನ ಒಳಬಾಜು, ಪ್ಲೇಟಿನ ಮ್ಯಾಲೆ ಆಯಿಲ್, ಏರ್ ಹೊರಗ ಬಿಡೂ ಬ್ಲೀಡರ್ ನಿಪ್ಪಲ್ ಇರ್ತೈತಿ, ಸಣ್ಣ ರಬ್ಬರ್ ಟೊಪ್ಪಿಗಿ ಹಾಕಿರ್ತಾರ, ಅದು ಹೆಂಗ ಐತಿ ಅಂತ ನೋಡ್ರಿ. ಆಯಿಲ್ ಚೇಂಜ್ ಮಾಡ್ಯಾರಂದ್ರ ಅಲ್ಲಿ ಸ್ಪ್ಯಾನರ್ ಹತ್ತಿರಲೇಬೇಕು.

ಪೀಣ್ಯ_2ನೇ_ಸ್ಟೇಜ್:

ಮೇಲಿನ ಸರ್ ಹೇಳಿದ್ದು ಕರೆಕ್ಟ್, ಒಂದ್ ವಿಷಯ ಸೇರಿಸ್ತೀನಿ. ಎಬಿಎಸ್ ಇರೋ ಗಾಡೀಲಿ ಆಯಿಲ್ ಚೇಂಜ್ ಮಾಡುವಾಗ ಮೇಲಿನ ಡಬ್ಬಿ ಖಾಲಿಯಾಗೋಕೆ ಬಿಟ್ರೆ ಏರ್ ಎಬಿಎಸ್ ಯೂನಿಟ್ ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಆಮೇಲೆ ನಾಲ್ಕೂ ವೀಲಲ್ಲಿ ಎಷ್ಟ್ ಬ್ಲೀಡ್ ಮಾಡಿದ್ರೂ ಪೆಡಲ್ ಮೆತ್ತಗೇ ಇರುತ್ತೆ. ಸ್ಕ್ಯಾನರ್ ಹಾಕಿ ಎಬಿಎಸ್ ಪಂಪು ವಾಲ್ವು ಓಡಿಸ್ತಾ ಬ್ಲೀಡ್ ಮಾಡ್ಬೇಕು, ಸರ್ವಿಸ್ ಸೆಂಟರಲ್ಲಿ ಆ ಸ್ಕ್ಯಾನರ್ ಇದ್ದೇ ಇರುತ್ತೆ, ಕೇಳಿ ಮಾಡ್ಸ್ಬೇಕು. ಇದು ಪೆಡಲ್ ಪುಟ್‌ಪುಟ್ ಅಂದ್ರೆ ಮಾತ್ರ, ಗಟ್ಟಿ ಇದ್ರೆ ಬೇಡ.

ಆಮೇಲೆ 500 ಕಿ.ಮೀ. ಕಥೆ. ಹೊಸ ಪ್ಯಾಡ್ ಡಿಸ್ಕಿಗೆ ಕೂರೋ ತನಕ ಹಿಡಿತ ಸ್ವಲ್ಪ ಕಮ್ಮಿ ಅನ್ಸೋದು ನಿಜ, ಆದ್ರೆ ಅದು ಹಿಡಿತದ ಮಾತು, ಪೆಡಲ್ ಎಷ್ಟ್ ಕೆಳಗೆ ಹೋಗುತ್ತೆ ಅನ್ನೋದಲ್ಲ. ಒಂದ್ ಚೂರು ವ್ಯತ್ಯಾಸ ಇರಬಹುದು, ಅರ್ಧಕ್ಕಿಂತ ಕೆಳಗೆ ಹೋಗೋದಕ್ಕೂ ಪ್ಯಾಡ್ ಕೂರೋದಕ್ಕೂ ಸಂಬಂಧ ಇಲ್ಲ. ಪ್ಯಾಡ್ ವಾರೆಯಾಗಿ ಕೂತಿದ್ರೆ, ಬ್ರಾಕೆಟ್‌ನಲ್ಲಿ ತುಕ್ಕು ಬಿಡಿಸ್ದೆ ಬಡಿದು ಹಾಕಿದ್ರೆ, ಆಗಲೂ ಪೆಡಲ್ ಮೆತ್ತಗಾಗುತ್ತೆ, ಅದನ್ನೂ ವೀಲ್ ಬಿಚ್ಚಿಸಿ ನೋಡಿ.

ಉಜಿರೆ_ಟ್ಯಾಕ್ಸಿ:

ಮಾರಾಯ್ರೆ, ಬೇರೆ ಎಲ್ಲ ಆಮೇಲೆ, ಆ ಗಾಡಿಯಲ್ಲಿ ಘಾಟಿ ಇಳಿಯುವ ಆಲೋಚನೆ ಮೊದಲು ಬಿಡಿ. ಕೊಟ್ಟಿಗೆಹಾರ ದಾಟಿದ ಮೇಲೆ ಚಾರ್ಮಾಡಿ ತನಕ ಇಳಿತವೇ ಇಳಿತ, ಮಳೆ ಮತ್ತೆ ಮಂಜು ಬೇರೆ, ಎದುರಿಂದ ಗಾಡಿ ಬಂದದ್ದು ತಿರುವಿನಲ್ಲಿ ಹತ್ತಿರ ಬಂದ ಮೇಲೇ ಕಾಣುವುದು. ಅಲ್ಲಿ ಎರಡು ಸಲ ಪಂಪ್ ಮಾಡುವಷ್ಟು ಪುರುಸೊತ್ತು ಸಿಗುವುದಿಲ್ಲ.

ಆಯಿಲ್ ವಿಷಯ ಹಗುರ ಮಾಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತುಂಟಲ್ಲ. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ನೀರು ಸೇರಿ ಹಳತಾದಾಗಿನ ಲೆಕ್ಕ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಇಳಿತದಲ್ಲಿ ಕಾಲು ಬ್ರೇಕ್ ಮೇಲೆಯೇ ಇಟ್ಟುಕೊಂಡು ಬಂದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಹತ್ತಿರದ ಆಯಿಲ್ ಕುದಿದು ಆವಿ ಆಗುತ್ತದೆ, ಆವಿ ಅಂದರೆ ಗಾಳಿಯ ಹಾಗೆಯೇ, ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ, ವರ್ಕ್‌ಶಾಪಿನಲ್ಲಿ ತೋರಿಸಿದರೆ ಏನೂ ಇಲ್ಲ ಅಂತಾರೆ. ಅದಕ್ಕೆ ತುಂಬಾ ಗಾಡಿಗಳ ಮ್ಯಾನುಯಲ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಇರುವುದು. ಮೇಲಿನ ಡಬ್ಬಿಯಲ್ಲಿ ಹಳತು ಹೀರಿ ಹೊಸತು ಸುರಿದರೆ ಮೇಲೆ ಬಣ್ಣ ಚಂದ ಕಾಣುತ್ತದೆ, ಕುದಿಯುವುದು ಕೆಳಗೆ ವೀಲ್ ಹತ್ತಿರ ಇರುವ ಹಳತು. ಅದು ಚೇಂಜ್ ಅಲ್ಲ. ಸರಿ ಮಾಡಿಸಿದ ಮೇಲೂ ಎರಡನೇ ಗೇರಲ್ಲಿ ಇಳಿಸಿ, ಬ್ರೇಕ್ ಕೊಟ್ಟು ಬಿಡಿ, ಕೊಟ್ಟು ಬಿಡಿ, ಹಿಡಿದುಕೊಂಡೇ ಬರಬೇಡಿ.

ಮೂಡಿಗೆರೆ_ಮಳೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಘಾಟಿ ಪ್ಲಾನ್ ಕ್ಯಾನ್ಸಲ್, ಅಪ್ಪಂಗೂ ಹೇಳಿದೀನಿ. ಹುಬ್ಬಳ್ಳಿ ಅಣ್ಣ ಹೇಳಿದ್ದನ್ನ ಅದೇ ಆರ್ಡರಲ್ಲಿ ಮಾಡಿ ನೋಡಿದೆ.

ಎಂಜಿನ್ ಆಫ್ ಮಾಡಿ ಒತ್ತಿ ಹಿಡಿದಾಗ ಪೆಡಲ್ ಇಳೀಲಿಲ್ಲ, ನಿಂತಲ್ಲೇ ನಿಂತಿತ್ತು. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಕೆಳಗೆ ಹೋಯ್ತು. ಮೊದಲ ಒತ್ತು ಕೆಳಗೆ, ತಕ್ಷಣದ ಎರಡನೇದು ಮೇಲೆ, ಮೇಲೆ ಬಂದಾಗ ಗಟ್ಟಿಯಾಗೇ ಇದೆ, ಪುಟ್‌ಪುಟ್ ಅನ್ನಲ್ಲ. ಹ್ಯಾಂಡ್ ಬ್ರೇಕ್ ಎಳೆದು ಒತ್ತಿದ್ರೆ ಮೊದಲ್ನೇ ಸಲಕ್ಕೇ ಮೇಲೆ ಸಿಗ್ತಿದೆ, ಸರ್ವಿಸ್‌ಗೆ ಮುಂಚೆ ಹೆಂಗಿತ್ತೋ ಹಂಗೇ. ಹ್ಯಾಂಡ್ ಬ್ರೇಕ್ ಮೊದಲು 6ನೇ ಕ್ಲಿಕ್ಕಿಗೆ ಹಿಡೀತಿತ್ತು, ಈಗ 10 ದಾಟುತ್ತೆ.

ಆಮೇಲೆ ಟಾರ್ಚ್ ಹಾಕಿ ಹಿಂದಿನ ವೀಲ್ ಒಳಗಡೆ ನೋಡಿದೆ. ಬಲಗಡೆ ನಿಪ್ಪಲ್ ಮೇಲಿನ ರಬ್ಬರ್ ಕ್ಯಾಪ್ ಕಾಣೋದೇ ಇಲ್ಲ, ನಮ್ ತೋಟದ ಕೆಮ್ಮಣ್ಣು ಮೆತ್ತಿ ಒಣಗಿ ಹೆಪ್ಪುಗಟ್ಟಿದೆ, ಕ್ಯಾಪೂ ನಿಪ್ಪಲ್ ಬುಡದ ಷಡ್ಭುಜವೂ ಸೇರಿ ಒಂದೇ ಉಂಡೆ, ಎಲ್ಲೂ ಒಂದ್ ಬಿರುಕು ಬಿಟ್ಟಿಲ್ಲ. ಎಡಗಡೇನೂ ಅದೇ. ಗಾಡಿ ವಾಶ್ ಮಾಡಿ ಕೊಟ್ಟಿದಾರೆ, ಅಲ್ಲಿಗೆ ನೀರೂ ಹೋಗಿಲ್ಲ. ಎರಡೂ ಕಡೆ ಫೋಟೋ ತೆಗೆದಿಟ್ಟಿದೀನಿ. ಅಂದ್ರೆ ಆಯಿಲ್ ಚೇಂಜ್‌ಗೆ ದುಡ್ಡು ತಗೊಂಡು ಹಿಂದಿನ ವೀಲ್ ಮುಟ್ಟೇ ಇಲ್ಲ. ನಂಗೆ ದುಡ್ಡಿಗಿಂತ ಬೇಜಾರಾಗಿದ್ದು, ಮನೆಯವರನ್ನ ಕೂರಿಸ್ಕೊಂಡು ಹೋಗೋ ಗಾಡಿದು ಬ್ರೇಕು ಅನ್ನೋದೂ ಅವರ ತಲೆಗೆ ಬರ್ಲಿಲ್ವಲ್ಲ ಅಂತ.

ಹುಬ್ಬಳ್ಳಿ_ಸ್ಪ್ಯಾನರ್:

ಹಂಗಾರ ಉತ್ತರ ಸಿಕ್ಕಂಗ ಆತು. ಮಾಸ್ಟರ್ ಸಿಲಿಂಡರ್ ಅಲ್ಲ, ಬೂಸ್ಟರ್ ಅಲ್ಲ, ಏರ್ ಇರೂ ಲಕ್ಷಣ ಕಾಣವಲ್ದು. ಹಿಂದಿನ ಶೂ ಗ್ಯಾಪ್.

ಏನ್ ಆಗಿರ್ತೈತಿ ಅಂದ್ರ, ಓಡಿದ ಡ್ರಮ್ಮಿನ ಅಂಚಿಗೆ ಸವೆಯದ ಏಣು ಉಳದಿರ್ತೈತಿ, ಶೂ ಅದಕ್ಕ ಸಿಗಬಿದ್ದು ಡ್ರಮ್ ಹೊರಗ ಬರೂದಿಲ್ಲ, ಅದಕ್ಕ ಶೂ ಹಿಗ್ಗಸೂ ಕುಗ್ಗಸೂ ಅಡ್ಜಸ್ಟರ್ ಒಳಗ ತಿರುವಿ ಶೂ ಸಣ್ಣ ಮಾಡಿ ಬಿಚ್ತಾರ. ಎಮರಿ ಪೇಪರ್ ಹೊಡದು, ಧೂಳ ಝಾಡಿಸಿ ವಾಪಸ್ ಹಾಕ್ತಾರ, ಅಡ್ಜಸ್ಟರ್ ಮೊದ್ಲಿನಂಗ ಹೊರಗ ತಿರುವೂದು ಮರೀತಾರ. ಆಟೋ ಅಡ್ಜಸ್ಟರ್ ಐತಲ್ಲ ತಾನ ಸರಿ ಮಾಡ್ಕೋತೈತಿ ಅಂತಾರ. ಅದು ಇರೂದು ದಿನಾ ಸವೆಯೂ ಕೂದಲೆಳಿಯಷ್ಟು ಗ್ಯಾಪ್ ತುಂಬಾಕ, ಇಷ್ಟು ದೊಡ್ಡ ಗ್ಯಾಪ್ ಅದರ ಮ್ಯಾಲೆ ಬಿಟ್ಟು ಗಾಡಿ ಡೆಲಿವರಿ ಕೊಡೂದು ತಪ್ಪು, ತುಕ್ಕು ಹಿಡದಿದ್ರಂತೂ ಅದು ತಿರುಗೂದ ಇಲ್ಲ.

ಒಂದು ಮಾತ್ರ ಕಣ್ಣಾಗ ಎಣ್ಣಿ ಹಾಕ್ಕೊಂಡ್ ನೋಡ್ರಿ. ಹ್ಯಾಂಡ್ ಬ್ರೇಕ್ 10 ಕ್ಲಿಕ್ ಐತಿ ಅಂದ ಕೂಡ್ಲೆ ಅವರು ಲಿವರ್ ಹತ್ರ ಕೇಬಲ್ ನಟ್ ಟೈಟ್ ಮಾಡಿ ಕೊಡ್ತಾರ. ಐದ್ ನಿಮಿಷದ ಕೆಲಸ, ವೀಲ್ ಬಿಚ್ಚೂದು ಬ್ಯಾಡ. ಹ್ಯಾಂಡ್ ಬ್ರೇಕ್ ಮ್ಯಾಲೆ ಬರ್ತೈತಿ, ಪೆಡಲ್ಲೂ ಸ್ವಲ್ಪ ಮ್ಯಾಲೆ ಬಂದಂಗ ಅನಸ್ತೈತಿ, ಆದ್ರ ಡ್ರಮ್ ಒಳಗಿನ ಹ್ಯಾಂಡ್ ಬ್ರೇಕ್ ಲಿವರ್ ತನ್ನ ಜಾಗಕ್ಕ ಪೂರಾ ವಾಪಸ್ ಬರೂದಿಲ್ಲ, ಅದು ವಾಪಸ್ ಬರಲಿಲ್ಲಂದ್ರ ಆಟೋ ಅಡ್ಜಸ್ಟರ್ ಮುಂದ ಕೆಲಸ ಮಾಡೂದ ಬಿಡ್ತೈತಿ. ನಾಕ್ ತಿಂಗಳಿಗೆ ಮತ್ತ ಅದ ಕಥಿ. ಮೊದ್ಲು ಕೇಬಲ್ ಪೂರಾ ಸಡ್ಲ ಮಾಡಬೇಕು, ಆಮ್ಯಾಲೆ ಎರಡೂ ಬಾಜು ಶೂ ಅಡ್ಜಸ್ಟ್, ಕೈಲೆ ಡ್ರಮ್ ತಿರುವಿದ್ರ ಶೂ ಸವರೂ ಸಪ್ಪಳ ಸಣ್ಣಗ ಕೇಳಬೇಕು, ಡ್ರಮ್ ಹಿಡೀಬಾರ್ದು. ಪೆಡಲ್ ನಾಕೈದ್ ಸಲ ಒತ್ತಿ ಶೂ ಸೆಂಟರಿಗೆ ಬರಂಗ ಮಾಡಿ ಮತ್ತೊಮ್ಮೆ ನೋಡಬೇಕು. ಕೇಬಲ್ ಎಲ್ಲಕ್ಕಿಂತ ಕಡೀಗೆ. ನಿಂತು ಮಾಡಸ್ರಿ.

ಎಕ್ಸ್‌ಟ್ರಾ_ಗೇರ್:

ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತೋ ಟೆಸ್ಟ್ ನಂಗೆ ಗೊತ್ತೇ ಇರ್ಲಿಲ್ಲ, ಸಖತ್ ಉಪಯೋಗ ಆಯ್ತು ಅಣ್ಣ. ಆದ್ರೂ ಒಂದ್ ಡೌಟು, ಅವರು ಮುಂದಿನ ಎರಡು ವೀಲ್ ಬ್ಲೀಡ್ ಮಾಡಿದಾರಲ್ಲ, ಆಗ ಪೆಡಲ್ ಪೂರ್ತಿ ತಳಕ್ಕೆ ತುಳಿದಿದ್ರೆ ಮಾಸ್ಟರ್ ಸಿಲಿಂಡರ್ ಹಾಳಾಗಲ್ವಾ? ಹಳೇ ಗಾಡೀಲಿ ಹಂಗ್ ಮಾಡ್ಬಾರ್ದು ಅಂತ ಕೇಳಿದೀನಿ.

ಹುಬ್ಬಳ್ಳಿ_ಸ್ಪ್ಯಾನರ್:

ಖರೆ ಐತಿ ತಮ್ಮಾ. ದಿನಾ ಓಡ್ಸುವಾಗ ಪಿಸ್ಟನ್ ಸಿಲಿಂಡರಿನ ಅರ್ಧ ತನಕ ಅಷ್ಟ ಓಡಾಡ್ತಿರ್ತೈತಿ, ಅದರ ಮುಂದ ಹೊಲಸು, ತುಕ್ಕು ಕುಂತಿರ್ತೈತಿ, ಒಮ್ಮೆಲೆ ತಳಕ್ಕ ತುಳದ್ರ ಸೀಲ್ ಅಲ್ಲಿಗೆ ಹೋಗಿ ಗೀರು ಬೀಳ್ತೈತಿ. ಅದಕ್ಕ ನಾವು ಪೆಡಲ್ ಕೆಳಗ ಕಟ್ಟಿಗಿ ತುಂಡ್ ಇಟ್ಟು ಬ್ಲೀಡ್ ಮಾಡ್ತೀವಿ. ಇವರ ಪೆಡಲ್ ಈಗ ಇಳಿಯಾಕತ್ತಿಲ್ಲ ಅಂದ್ರ ಸೀಲಿಗೆ ಏನೂ ಆಗಿಲ್ಲ.

ತುಮಕೂರ್_ಗಾಡಿ:

ಟೆಕ್ನಿಕಲ್ ಎಲ್ಲಾ ಮುಗೀತು, ಅವರ ಹತ್ರ ಮಾತಾಡೋದು ಹೆಂಗೆ ಅಂತ ನಾನ್ ಹೇಳ್ತೀನಿ. ಬ್ರೇಕ್ ಸರಿ ಇಲ್ಲ ಅಂತ ಬಾಯಲ್ಲಿ ಹೇಳ್ಬೇಡಿ, ಹೊಸ ಜಾಬ್ ಕಾರ್ಡ್ ಓಪನ್ ಮಾಡ್ಸಿ, ಅದ್ರಲ್ಲಿ ಇದ್ದಿದ್ದನ್ನ ಇದ್ದಂಗೆ ಬರೆಸಿ: ಪೆಡಲ್ ಮೊದಲ ಒತ್ತಿಗೆ ಅರ್ಧಕ್ಕಿಂತ ಕೆಳಗೆ ಹೋಗುತ್ತೆ, ಎರಡನೇ ಒತ್ತಿಗೆ ಮೇಲೆ ಬರುತ್ತೆ, ಹ್ಯಾಂಡ್ ಬ್ರೇಕ್ 10 ಕ್ಲಿಕ್, ಹಿಂದಿನ ಬ್ಲೀಡರ್ ತೆಗೆದಿಲ್ಲ. ಅಡ್ವೈಸರ್ ಬಿಡಿ, ಫ್ಲೋರ್ ಸೂಪರ್‌ವೈಸರ್ ಅಥವಾ ವರ್ಕ್ಸ್ ಮ್ಯಾನೇಜರನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸಿ. ಅವರೇ ಶೋರೂಂನಲ್ಲಿ ಅದೇ ಮಾಡೆಲ್ ಟೆಸ್ಟ್ ಡ್ರೈವ್ ಗಾಡಿ ಇಟ್ಟಿದ್ರೆ ಅದರ ಪೆಡಲ್ ಮೇಲೆ ಕಾಲಿಟ್ಟು ತೋರ್ಸಿ ಅನ್ನಿ, ನಾರ್ಮಲ್ ಅನ್ನೋ ಮಾತು ಅಲ್ಲಿಗೇ ನಿಲ್ಲುತ್ತೆ.

ಸರಿಯಾಗೋ ತನಕ ಸ್ಯಾಟಿಸ್‌ಫ್ಯಾಕ್ಷನ್ ನೋಟ್‌ಗೆ ಸೈನ್ ಹಾಕ್ಬೇಡಿ. ಒಪ್ಪಿಲ್ಲ ಅಂದ್ರೆ ಕಂಪನಿ ಕಸ್ಟಮರ್ ಕೇರ್‌ಗೆ ಫೋಟೋ ಸಮೇತ ಮೇಲ್, ಅಲ್ಲೂ ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದುಡ್ಡು ತಗೊಂಡು ಕೆಲಸ ಮಾಡ್ದೇ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ, ಜಿಲ್ಲಾ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ನೀವು ಕೊಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ. ಬಿಲ್ಲು, ಹಳೇ ಜಾಬ್ ಕಾರ್ಡು, ಫೋಟೋ ಜೋಪಾನ.

ಮೂಡಿಗೆರೆ_ಮಳೆ:

ಅಪ್‌ಡೇಟ್. ತುಮಕೂರ್ ಬ್ರದರ್ ಹೇಳ್ದಂಗೇ ಜಾಬ್ ಕಾರ್ಡ್ ಬರೆಸಿ ವರ್ಕ್ಸ್ ಮ್ಯಾನೇಜರ್ ಜೊತೆ ಟೆಸ್ಟ್ ಡ್ರೈವ್ ಹೋದೆ. ಅವರೇ ಓಡಿಸಿದ್ರು, ಮೊದಲ ಸಿಗ್ನಲ್ಲಲ್ಲೇ ನನ್ ಮುಖ ನೋಡಿದ್ರು, ಏನೂ ಮಾತಾಡ್ಲಿಲ್ಲ. ನಿಪ್ಪಲ್ ಫೋಟೋ ತೋರಿಸಿದ್ಮೇಲೆ ಗಾಡಿ ನೇರ ರ್‍ಯಾಂಪ್ ಹತ್ತಿಸಿದ್ರು, ನಂಗೂ ಒಳಗೆ ನಿಲ್ಲೋಕೆ ಬಿಟ್ರು.

ಡ್ರಮ್ ಎರಡೂ ಬಿಚ್ಚಿದ್ರು. ಕೈಯಲ್ಲಿ ಎಳೆದ್ರೆ ಬಂತು, ಬಡಿಯೋದೂ ಬೇಕಾಗ್ಲಿಲ್ಲ, ಶೂ ಅಷ್ಟು ಒಳಗಿತ್ತು. ಎರಡೂ ಕಡೆ ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿ ಹಂಗೇ ಬಿಟ್ಟಿದಾರೆ, ಎಡಗಡೆದು ತುಕ್ಕು ಹಿಡಿದು ತಿರುಗ್ತಾನೂ ಇರ್ಲಿಲ್ಲ. ಹುಡುಗ ಅದನ್ನ ಕ್ಲೀನ್ ಮಾಡಿ ಗ್ರೀಸ್ ಹಚ್ಚಿ ಹಾಕ್ದ. ಅಣ್ಣ ನೀವು ಹೇಳಿದ್ದೇ ಆಯ್ತು, ಮೊದಲು ಕೇಬಲ್ ನಟ್‌ಗೇ ಕೈ ಹಾಕೋಕೆ ಹೋದ್ರು, ನಾನು ಸಡಿಲ ಮಾಡಿಸಿ ಶೂ ಮುಗಿದ್ಮೇಲೆ ಕೇಬಲ್ ಮಾಡ್ಸಿದೆ. ಆಮೇಲೆ ಮ್ಯಾನುಯಲ್ ಪ್ರಕಾರ ನಾಲ್ಕೂ ವೀಲಿಂದ ಆಯಿಲ್ ತೆಗೆದ್ರು, ಹಿಂದಿನ ವೀಲಲ್ಲಿ ಮೊದಲು ಬಂದಿದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು, ತಿಳಿ ಹಳದಿ ಬರೋ ತನಕ ಬಿಟ್ರು. ಗುಳ್ಳೆ ಒಂದೂ ಕಾಣ್ಲಿಲ್ಲ, ಅಂದ್ರೆ ಏರ್ ಇರ್ಲೇ ಇಲ್ಲ.

ಈಗ ಪೆಡಲ್ ಮೇಲೇ ಹಿಡಿಯುತ್ತೆ, ಮೊದಲ ಒತ್ತಿಗೇ. ಹ್ಯಾಂಡ್ ಬ್ರೇಕ್ 6ಕ್ಕೆ ವಾಪಸ್. ಆಯಿಲ್ ಚೇಂಜ್ ದುಡ್ಡು ವಾಪಸ್ ಕೇಳಿ ಬರೆದು ಕೊಟ್ಟಿದೀನಿ, ರಸೀದಿಗೆ ಸೀಲ್ ಹಾಕಿಸ್ಕೊಂಡಿದೀನಿ. ಕೊಡದಿದ್ರೆ 1915ಕ್ಕೆ ಫೋನ್ ಮಾಡೋದೇ.

ಉಜಿರೆ_ಟ್ಯಾಕ್ಸಿ:

ಒಳ್ಳೇದಾಯ್ತು. ಅಪ್ಪ ಅಮ್ಮನನ್ನು ಕರ್ಕೊಂಡು ಬನ್ನಿ ಈಗ, ಅದಕ್ಕೆ ಮುಂಚೆ ಒಂಚೂರು ಊರೊಳಗೆ ಓಡಿಸಿ ನೋಡಿ.

ಹುಬ್ಬಳ್ಳಿ_ಸ್ಪ್ಯಾನರ್:

ಭಾಳ ಚಲೋ ಆತು. ಘಾಟ್ ಇಳಿಯೂಕಿಂತ ಮೊದ್ಲು ಒಂದು ನೋಡ್ರಿ, ಹೊಸದಾಗಿ ಅಡ್ಜಸ್ಟ್ ಮಾಡಿದಾಗ ಒಂದ್ ಬಾಜು ಟೈಟ್ ಆಗಿರೂ ಸಾಧ್ಯತೆ ಇರ್ತೈತಿ. ಖಾಲಿ ರೋಡಿನಾಗ ಬ್ರೇಕ್ ಭಾಳ ಹಿಡೀದ 20 ಕಿ.ಮೀ. ಓಡಸ್ರಿ, ನಿಲ್ಲಿಸಿ ಹಿಂದಿನ ಎರಡೂ ವೀಲಿನ ಹತ್ರ ಕೈ ತರ್ರಿ, ಮುಟ್ಟಬ್ಯಾಡ್ರಿ. ಎರಡೂ ಒಂದ ಸಮ ಇದ್ರ ಬರೊಬ್ಬರಿ. ಒಂದು ತಣ್ಣಗ ಇದ್ದು ಇನ್ನೊಂದು ಝಳ ಹೊಡ್ಯಾಕತ್ತಿದ್ರ ಆ ಬಾಜು ಶೂ ಹಿಡಿಯಾಕತ್ತೈತಿ, ಅಡ್ಜಸ್ಟರ್ ಎರಡ್ ಹಲ್ ಹಿಂದ ತಿರುವಸ್ರಿ. ಎಡಗಡೆದು ತುಕ್ಕು ಹಿಡದಿತ್ತು ಅಂದ್ರಲ್ಲ, ಅದನ್ನ ಮೊದ್ಲು ನೋಡ್ರಿ.